ಎರಡೇ ಋತುವಿಗೆ ರಿಸೀವರ್‌ಗೆ ‘ವಿಫಲ’ ಮುದ್ರೆ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ಕುರಿತ ಬರಹಗಳಲ್ಲಿ ಒಂದು ರೂಢಿ ಬೇರುಬಿಟ್ಟಿದೆ. ಕಾಲೇಜಿನಿಂದ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಒಂದೆರಡು ಸುತ್ತಿನಲ್ಲಿ ಆಯ್ಕೆಯಾದ, ಎಸೆದ ಚೆಂಡನ್ನು ಓಡಿ ಹಿಡಿಯುವ ಎಳೆಯ ವೈಡ್ ರಿಸೀವರ್ ಎರಡು ಋತು ಆಡಿಯೂ ವರ್ಷಕ್ಕೆ 500 ಗಜ ದಾಟದಿದ್ದರೆ, ಅವನ ಹೆಸರಿಗೆ ‘ವಿಫಲ ಆಯ್ಕೆ’ ಎಂಬ ಮಾತು ಅಂಟಿಕೊಳ್ಳುತ್ತದೆ. ಹಿಡಿದ ಚೆಂಡು, ಗಳಿಸಿದ ಗಜ, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದ್ದು): ಈ ಮೂರು ಅಂಕಿ ಅಚ್ಚಾದರೆ ತೀರ್ಪೂ ಅಚ್ಚಾದಂತೆಯೇ. ಆದರೆ ಅವು ಹೇಳುವುದು ರಿಸೀವರ್‌ನ ಕೆಲಸದ ಕೊನೆಯ ಅರ್ಧ ಸೆಕೆಂಡನ್ನು ಮಾತ್ರ. ಅವನು ಇನ್ನೂ ಬೆಳೆಯಬಲ್ಲನೇ ಎಂಬುದಕ್ಕೆ ಉತ್ತರ ಅದಕ್ಕೂ ಹಿಂದಿನ ಎರಡೂವರೆ ಸೆಕೆಂಡಿನಲ್ಲಿದೆ.

ಇಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ದಾವಂತೆ ಆ್ಯಡಮ್ಸ್‌ನನ್ನು 2014ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ 53ನೇ ಆಯ್ಕೆಯಾಗಿ ಪಡೆಯಿತು. ಮೊದಲ ವರ್ಷ 446 ಗಜ. ಎರಡನೇ ವರ್ಷ ಅವನತ್ತ ಎಸೆದ ಚೆಂಡು 94, ಗಳಿಕೆ 483 ಗಜ, ಟಚ್‌ಡೌನ್ ಒಂದೇ ಒಂದು. ‘ಇವನನ್ನು ಬಿಟ್ಟುಬಿಡಿ’ ಎಂದವರು ಆಗ ಕಡಿಮೆ ಇರಲಿಲ್ಲ. 2016ರಲ್ಲಿ ಅವನು 997 ಗಜ, 12 ಟಚ್‌ಡೌನ್ ಗಳಿಸಿದ. 2020ರಲ್ಲಿ 18 ಟಚ್‌ಡೌನ್. ಇನ್ನೊಬ್ಬ ಲಕ್ವಾನ್ ಟ್ರೆಡ್‌ವೆಲ್, 2016ರಲ್ಲಿ ಮಿನೆಸೋಟ ವೈಕಿಂಗ್ಸ್‌ನ 23ನೇ ಆಯ್ಕೆ. ಮೊದಲ ಮೂರು ವರ್ಷಗಳಲ್ಲಿ 1, 20 ಮತ್ತು 35 ಚೆಂಡು ಹಿಡಿದ. ಒಟ್ಟು 517 ಗಜ. ಅವನು ಮೇಲೇಳಲೇ ಇಲ್ಲ. ಆ್ಯಡಮ್ಸ್‌ನ ಆ ಕೆಟ್ಟ ಎರಡನೇ ವರ್ಷದಲ್ಲಿ ತಂಡದ ಮುಖ್ಯ ರಿಸೀವರ್ ಜಾರ್ಡಿ ನೆಲ್ಸನ್ ಮೊಣಕಾಲಿನ ಗಾಯದಿಂದ ಋತುವಿಡೀ ಹೊರಗಿದ್ದ, ಆ್ಯಡಮ್ಸ್‌ಗೂ ಪಾದದ ಕೀಲಿನ ನೋವಿತ್ತು. ಆದರೂ ಆಟ ಶುರುವಾಗುವ ಗೆರೆಯಿಂದ ಹೊರಡುವಾಗಿನ ಅವನ ಕಾಲ್ಚಳಕ ಚೆನ್ನಾಗಿಯೇ ಇತ್ತು. ಟ್ರೆಡ್‌ವೆಲ್‌ನ ತೊಂದರೆ ಇದಕ್ಕೆ ತದ್ವಿರುದ್ಧ. ಕೈ ಗಟ್ಟಿ, ಮೈ ಗಟ್ಟಿ, ಆದರೆ ಎದುರಾಳಿಯಿಂದ ಬಿಡಿಸಿಕೊಳ್ಳುವ ವೇಗ ಕಾಲಲ್ಲಿರಲಿಲ್ಲ. ಅಂಕಿಗಳ ಪಟ್ಟಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಟಿವಿ ನೋಡಿ ತೀರ್ಪು ಕೊಡುವುದೂ ಕಷ್ಟ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ ಸ್ನ್ಯಾಪ್ ಆದ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾದ, ಒಂದೆರಡು ಸೆಕೆಂಡಿಗೇ ರಿಸೀವರ್ ಪರದೆಯಿಂದಾಚೆ ಹೋಗಿರುತ್ತಾನೆ. ನೋಡಬೇಕಾದದ್ದು ಕ್ರೀಡಾಂಗಣದ ಎತ್ತರದಿಂದ 22 ಆಟಗಾರರನ್ನೂ ಸೆರೆಹಿಡಿಯುವ, ತರಬೇತುದಾರರು ‘ಆಲ್-22’ ಎನ್ನುವ ಚಿತ್ರೀಕರಣವನ್ನು. ನಾಲ್ಕು ಪಂದ್ಯ ಸಾಕು. ಪೂರ್ತಿ ಆಡುವ ರಿಸೀವರ್ ಆದರೆ 100ಕ್ಕೂ ಹೆಚ್ಚು ರೂಟ್ (ಚೆಂಡಿಗಾಗಿ ಅವನು ಓಡುವ ನಿಗದಿತ ದಾರಿ) ಸಿಗುತ್ತವೆ. ಪ್ರತಿ ರೂಟ್‌ಗೂ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಎದುರಾಳಿ ಆಳು-ಆಳಿನ ಕಾವಲು (ಒಬ್ಬೊಬ್ಬ ರಿಸೀವರ್‌ಗೆ ಒಬ್ಬೊಬ್ಬ ಕಾವಲುಗಾರ) ಹಾಕಿದ್ದನೇ, ಜಾಗದ ಕಾವಲೇ (ಒಬ್ಬೊಬ್ಬರಿಗೆ ಮೈದಾನದ ಒಂದೊಂದು ಭಾಗ); ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಮೂಗಿಗೆ ಮೂಗು ಕೊಟ್ಟು ನಿಂತಿದ್ದನೇ, ಏಳೆಂಟು ಗಜ ಹಿಂದೆ ಸರಿದಿದ್ದನೇ; ತಿರುವು ತೆಗೆದುಕೊಂಡ ಕ್ಷಣದಲ್ಲಿ ಇಬ್ಬರ ನಡುವೆ ಎಷ್ಟು ಅಂತರವಿತ್ತು; ಚೆಂಡು ಅವನತ್ತ ಬಂತೇ, ಇಲ್ಲವೇ. ಈ ಕೊನೆಯದಕ್ಕೆ ಎಲ್ಲಕ್ಕಿಂತ ಕಡಿಮೆ ಬೆಲೆ. ಅಂತರ ಎರಡು ಗಜವಿದ್ದರೆ ಈ ಮಟ್ಟದಲ್ಲಿ ಅವನು ಬಿಡಿಸಿಕೊಂಡಂತೆ. ತೋಳಳತೆಯೊಳಗೆ ಇದ್ದರೆ ಇಲ್ಲ. ಚೆಂಡು ಬಾರದ ರೂಟ್‌ಗಳಲ್ಲಿ ಅವನು ಮತ್ತೆ ಮತ್ತೆ ಬಿಡಿಸಿಕೊಳ್ಳುತ್ತಿದ್ದರೆ ಕೊರತೆ ಇರುವುದು ಬೇರೆ ಕಡೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಅತ್ತ ನೋಡಲು ಪುರುಸೊತ್ತಿಲ್ಲ, ಇಲ್ಲವೇ ಅವನನ್ನು ಕಾಯುವ ಮುಂದಿನ ಸಾಲು ಎರಡು ಸೆಕೆಂಡಿಗೇ ಕುಸಿಯುತ್ತಿದೆ.

ಮೊದಲ ಪರೀಕ್ಷೆ ಗೆರೆಯ ಮೇಲೆ. ಎನ್‌ಎಫ್‌ಎಲ್ ನಿಯಮದಂತೆ ಕಾರ್ನರ್‌ಬ್ಯಾಕ್ ಮೊದಲ 5 ಗಜದೊಳಗೆ ರಿಸೀವರ್‌ನನ್ನು ಕೈಯಿಂದ ತಡೆಯಬಹುದು. ಕಾಲೇಜಿನಲ್ಲಿ ಬಹುಪಾಲು ಸಲ ದೂರ ನಿಂತ ಕಾವಲುಗಾರನನ್ನೇ ಕಂಡಿದ್ದ ಹುಡುಗ ಇಲ್ಲಿ ಎದೆಗೆ ಬಿದ್ದ ಮೊದಲ ಏಟಿಗೇ ದಾರಿ ತಪ್ಪುತ್ತಾನೆ. ಸಾಮಾನ್ಯ ತಪ್ಪು ಎರಡು. ಒಂದು, ನಿಂತಲ್ಲೇ ಕಾಲು ಕುಣಿಸುವುದು: ನೋಡಲು ಚೆಂದ, ಒಂದು ಗಜವೂ ಮುಂದೆ ಹೋಗಿರುವುದಿಲ್ಲ, ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಸಮಯ ಕಳೆದಿರುತ್ತದೆ. ಇನ್ನೊಂದು, ಕೈ ಬಳಸದೆ ಕಾಲಲ್ಲೇ ಗೆಲ್ಲಲು ಹೋಗುವುದು. ಎರಡನ್ನೂ ಕಲಿಸಿ ತಿದ್ದಬಹುದು; ಒಂದು ಬೇಸಿಗೆಯ ತಾಲೀಮಿನಲ್ಲೇ ಬದಲಾವಣೆ ಕಾಣುತ್ತದೆ. ಕಲಿಯುವವರೆಗೆ ಅವನನ್ನು ನಿಲ್ಲಿಸುವ ಜಾಗವನ್ನೂ ಬದಲಿಸಬಹುದು. ಆಕ್ರಮಣದಲ್ಲಿ ಕನಿಷ್ಠ ಏಳು ಜನ ಗೆರೆಯ ಮೇಲೇ ಇರಬೇಕು, ಹಾಗಾಗಿ ‘ಎಕ್ಸ್’ ಎನ್ನುವ ಹೊರಗಿನ ರಿಸೀವರ್‌ಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇನ್ನೊಂದು ಬದಿಯ ‘ಝಡ್’ ಮತ್ತು ಒಳಗಡೆ ನಿಲ್ಲುವ ಸ್ಲಾಟ್‌ನವರು ಒಂದು ಗಜ ಹಿಂದೆ ನಿಲ್ಲಬಹುದು, ಸ್ನ್ಯಾಪ್‌ಗೆ ಮೊದಲು ಓಡಾಡಬಹುದು. ಫಿಲಡೆಲ್ಫಿಯಾ ಈಗಲ್ಸ್‌ನ ನೆಲ್ಸನ್ ಆಗೊಲೋರ್ 2015ರ 20ನೇ ಆಯ್ಕೆ; ಮೊದಲೆರಡು ವರ್ಷ 283 ಮತ್ತು 365 ಗಜ ಗಳಿಸಿ ಟೀಕೆಗೆ ಗುರಿಯಾಗಿದ್ದ. 2017ರಲ್ಲಿ ಸ್ಲಾಟ್‌ಗೆ ಬಂದ, 768 ಗಜ, 8 ಟಚ್‌ಡೌನ್ ಗಳಿಸಿದ, ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 9 ಚೆಂಡು ಹಿಡಿದ. ಆದ್ದರಿಂದ ‘ಇವನು ಆಡಲಾರ’ ಎನ್ನುವ ಮೊದಲು ‘ಎಲ್ಲಿ ನಿಂತು ಆಡಲಾರ’ ಎಂದು ಕೇಳಬೇಕು.

ಎರಡನೆಯದು ತಿರುವು, ಇಲ್ಲಿ ಸೂಕ್ಷ್ಮ ಹೆಚ್ಚು. ನೇರ ಓಟದ ವೇಗಕ್ಕಿಂತ ವೇಗವನ್ನು ಕೊಲ್ಲುವ ಶಕ್ತಿ ರಿಸೀವರ್‌ಗೆ ಮುಖ್ಯ. ಪೂರ್ಣ ವೇಗದಿಂದ ನಿಲ್ಲಲು ಎಷ್ಟು ಹೆಜ್ಜೆ ಬೇಕು, ಎಣಿಸಿ. ಎರಡು ಮೂರರಲ್ಲಿ ನಿಂತು ತಿರುಗಿದರೆ ಸರಿ. ಐದಾರು ಪುಟ್ಟ ಹೆಜ್ಜೆ ತಟಪಟ ಹಾಕಿದರೆ ಕಾರ್ನರ್‌ಬ್ಯಾಕ್‌ಗೆ ಮೊದಲೇ ಸುಳಿವು ಸಿಗುತ್ತದೆ. ತಿರುವಿಗೆ ಮುಂಚೆ ಎದೆ ಮೇಲೇಳುವುದೂ ಅಂಥದೇ ಸುಳಿವು. ಎದೆ ಏಳುವುದು ಅಭ್ಯಾಸದ ದೋಷವಾದರೆ ಸರಿಪಡಿಸಬಹುದು. ಸೊಂಟ, ಪಾದದ ಕೀಲುಗಳೇ ಬಿಗಿಯಾಗಿ, ಮೈಯನ್ನು ತಗ್ಗಿಸಲಾಗದೆ ಅದು ಏಳುತ್ತಿದ್ದರೆ ಸುಧಾರಣೆಗೆ ಮಿತಿಯಿದೆ. ವ್ಯತ್ಯಾಸ ತಿಳಿಯಲು ಅವನ ಪಾಡಿಗೆ, ಎದುರಾಳಿಯಿಲ್ಲದೆ, ಓಡಲು ಬಿಡಿ. ಅಲ್ಲಿಯೂ ತಗ್ಗದಿದ್ದರೆ ಅದು ಮೈಕಟ್ಟಿನ ದೋಷ. ಅಲ್ಲಿ ತಗ್ಗಿ ಪಂದ್ಯದಲ್ಲಿ ಏಳುತ್ತಿದ್ದರೆ ಗಾಬರಿ.

ರೂಟ್‌ನ ಆಳವನ್ನೂ ಅಳೆಯಬೇಕು. 12 ಗಜಕ್ಕೆ ತಿರುಗಬೇಕಾದವನು 10ಕ್ಕೇ ತಿರುಗಿದರೆ ಎರಡು ಗಜ ತಾನೇ ಎನಿಸಬಹುದು. ಆದರೆ ಕ್ವಾರ್ಟರ್‌ಬ್ಯಾಕ್ ಅವನು ತಿರುಗುವ ಮುನ್ನವೇ, ಹಿಂದೆ ಸರಿದ ತನ್ನ ಹೆಜ್ಜೆಗಳ ಲೆಕ್ಕಕ್ಕೆ ಚೆಂಡು ಬಿಡುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ ಚೆಂಡು ಎದುರಾಳಿಯ ಕೈಸೇರುತ್ತದೆ. ಹೀಗೆ ಎರಡು ಸಲವಾದರೆ ಕ್ವಾರ್ಟರ್‌ಬ್ಯಾಕ್ ಅತ್ತ ನೋಡುವುದನ್ನೇ ಬಿಡುತ್ತಾನೆ. ವರ್ಷಾಂತ್ಯದ ಪಟ್ಟಿಯಲ್ಲಿ ಇದು ‘ಕಡಿಮೆ ಟಾರ್ಗೆಟ್’ (ಅವನತ್ತ ಎಸೆದ ಚೆಂಡು ಕಡಿಮೆ) ಎಂದಷ್ಟೇ ಕಾಣುತ್ತದೆ. ಇದು ಸುಲಭವಾಗಿ ವಾಸಿಯಾಗುವ ರೋಗ. ಜಾಗದ ಕಾವಲಿನ ಎದುರು ಖಾಲಿ ಜಾಗ ಕಂಡು ನಿಲ್ಲದೆ ಮುಂದಿನ ಕಾವಲುಗಾರನ ಮಡಿಲಿಗೇ ಓಡಿಹೋಗುವುದೂ ಹೀಗೆಯೇ. ಎದುರಾಳಿಯ ವ್ಯೂಹವನ್ನು ಓದಲು ಕಲಿತಂತೆ ಕಡಿಮೆಯಾಗುತ್ತದೆ. ಎರಡನೇ ವರ್ಷದ ಕೊನೆಗೂ ಅದೇ ತಪ್ಪು ಅದೇ ರೂಪದಲ್ಲಿ ಕಂಡರೆ ಮಾತ್ರ ಚಿಂತಿಸಬೇಕು.

ಇನ್ನು ಕೈಚೆಲ್ಲುವ ವಿಷಯ. ಪತ್ರಿಕೆಗಳು ಅತಿ ಹೆಚ್ಚು ಬರೆಯುವುದು ಇದನ್ನೇ, ಭವಿಷ್ಯದ ಬಗ್ಗೆ ಅತಿ ಕಡಿಮೆ ಹೇಳುವುದೂ ಇದೇ. ಕೈಗೆಟುಕುವಂತೆ ಬಂದ 45 ಚೆಂಡಿನಲ್ಲಿ ಐದನ್ನು ಬಿಟ್ಟವನ ಪ್ರಮಾಣ ಶೇ 11. ಅವುಗಳಲ್ಲಿ ಎರಡನ್ನು ಹಿಡಿದಿದ್ದರೆ ಶೇ 6.7. ಎರಡು ಚೆಂಡಿನ ವ್ಯತ್ಯಾಸದಲ್ಲಿ ಒಬ್ಬ ‘ಬೆಣ್ಣೆಗೈ’, ಇನ್ನೊಬ್ಬ ‘ಭರವಸೆ’! 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ ಬಂದ ಜೆರ್ರಿ ರೈಸ್ ಕೂಡ ಮೊದಲ ವರ್ಷ ಚೆಂಡು ಕೈಚೆಲ್ಲಿ ಟೀಕೆ ತಿಂದವನೇ. ಮರುವರ್ಷ 1,570 ಗಜ, 15 ಟಚ್‌ಡೌನ್ ಗಳಿಸಿದ. ಎಷ್ಟು ಬಿಟ್ಟ ಎನ್ನುವುದಕ್ಕಿಂತ ಹೇಗೆ ಬಿಟ್ಟ ಎಂದು ನೋಡಿ. ಚೆಂಡು ಕೈಸೇರುವ ಮುನ್ನವೇ ಓಡಲು ತಲೆ ತಿರುಗಿಸಿದ್ದರೆ ಅದು ಅವಸರ. ಎದೆಗಿಂತ ಮೇಲೆ ಬಂದ ಚೆಂಡಿಗೆ ಹೆಬ್ಬೆರಳುಗಳು, ಸೊಂಟಕ್ಕಿಂತ ಕೆಳಗೆ ಬಂದದ್ದಕ್ಕೆ ಕಿರುಬೆರಳುಗಳು ಒಂದಕ್ಕೊಂದು ಸೇರಬೇಕು. ಅದು ತಪ್ಪಿದ್ದರೆ ಕೈ ಇಡುವ ಕ್ರಮದ ದೋಷ. ಕೈ ಚಾಚದೆ ಎದೆಗೆ ಅಪ್ಪಿಕೊಳ್ಳಲು ಹೋಗಿದ್ದರೆ ತನ್ನ ಕೈಯ ಮೇಲೇ ನಂಬಿಕೆಯಿಲ್ಲ ಎಂದರ್ಥ. ಮೊದಲೆರಡು ದೋಷಗಳು ಚೆಂಡೆಸೆಯುವ ಯಂತ್ರದ ಮುಂದೆ ದಿನಕ್ಕೆ ನೂರು ಚೆಂಡಿನ ಅಭ್ಯಾಸದಿಂದ ಹೋಗುತ್ತವೆ. ಮೂರನೆಯದಕ್ಕೆ ಹೆಚ್ಚು ಕಾಲ ಬೇಕು. ನಾಲ್ಕನೆಯದೊಂದಿದೆ: ಭುಜದ ಮೇಲಿಂದ ಇಳಿದುಬರುವ ಉದ್ದನೆಯ ಎಸೆತ ಎಲ್ಲಿ ಬೀಳುತ್ತದೆ ಎಂಬ ಅಂದಾಜೇ ಸಿಗದಿರುವುದು. ವಯಸ್ಸು 21 ದಾಟಿದ ಮೇಲೆ ಅದನ್ನು ಕಲಿಸಿ ಗೆದ್ದವರು ಕಡಿಮೆ.

ಹೊಸಬನಿಗೆ ಮೈದಾನವೇ ಬೇರೆ ಎನಿಸುವುದನ್ನೂ ಮರೆಯಬಾರದು. ಅಗಲ ಕಾಲೇಜಿನಲ್ಲೂ ಎನ್‌ಎಫ್‌ಎಲ್‌ನಲ್ಲೂ 160 ಅಡಿಯೇ. ಆದರೆ ಚೆಂಡು ಇಡುವ ಹ್ಯಾಶ್ ಗುರುತುಗಳ ನಡುವೆ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಚೆಂಡು ಒಂದು ಗುರುತಿನ ಮೇಲಿದ್ದರೆ ಕಾಲೇಜಿನಲ್ಲಿ ಅಗಲವಾದ ಬದಿಗೆ 100 ಅಡಿ ಬಯಲು ಸಿಗುತ್ತಿತ್ತು. ಇಲ್ಲಿ 90 ಅಡಿಯೂ ಇಲ್ಲ. ಅಂಚಿನಲ್ಲಿ ಹಿಡಿಯುವಾಗ ಅಲ್ಲಿ ಒಂದು ಪಾದ ಗೆರೆಯೊಳಗಿದ್ದರೆ ಸಾಕಿತ್ತು, ಇಲ್ಲಿ ಎರಡೂ ಬೇಕು.

ಗಾಯವಾದವನ ಲೆಕ್ಕವೇ ಬೇರೆ. ಜೇಮ್ಸನ್ ವಿಲಿಯಮ್ಸ್ ಕಾಲೇಜಿನ ಕೊನೆಯ ಪಂದ್ಯದಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡೇ 2022ರಲ್ಲಿ ಡೆಟ್ರಾಯಿಟ್ ಲಯನ್ಸ್‌ಗೆ ಬಂದ. ಮೊದಲ ವರ್ಷ ಹಿಡಿದದ್ದು ಒಂದೇ ಚೆಂಡು, ಎರಡನೇ ವರ್ಷ 24, ಮೂರನೇ ವರ್ಷ 1,001 ಗಜ. ಅವನ ವೇಗ ಮರಳಿತ್ತು, ಅದೇ ಮುಖ್ಯ. ಶಿಕಾಗೊ ಬೇರ್ಸ್‌ನ ಕೆವಿನ್ ವೈಟ್, 2015ರ 7ನೇ ಆಯ್ಕೆ, ಮೊಣಕಾಲ ಕೆಳಗಿನ ಮೂಳೆ ಎರಡು ಸಲ, ಆಮೇಲೆ ಭುಜದ ಮೂಳೆ ಮುರಿದುಕೊಂಡು ನಾಲ್ಕು ವರ್ಷದಲ್ಲಿ 14 ಪಂದ್ಯವಷ್ಟೇ ಆಡಿದ. ಅವನನ್ನು ಆಟದಲ್ಲಿ ಸೋತವನೆನ್ನುವುದು ಅನ್ಯಾಯ. ಗಾಯದಿಂದ ಬಂದವನನ್ನು ಅಳೆಯುವಾಗ ಗಾಯಕ್ಕೆ ಮೊದಲಿನ ಮತ್ತು ಈಗಿನ ಚಿತ್ರೀಕರಣದಲ್ಲಿ ಒಂದೇ ರೂಟ್ ಆರಿಸಿ, ನಿಲ್ಲುವ ಹೆಜ್ಜೆಗಳನ್ನು ಹೋಲಿಸಬೇಕು.

ಹಾಗಾದರೆ ಎಷ್ಟು ಕಾಯಬೇಕು? ಒಪ್ಪಂದವೇ ಗಡುವು ಹಾಕುತ್ತದೆ. ಮೊದಲ ಸುತ್ತಿನ ಆಯ್ಕೆಗೆ ನಾಲ್ಕು ವರ್ಷದ ಒಪ್ಪಂದ, ಐದನೇ ವರ್ಷ ತಂಡದ ಇಚ್ಛೆ. ಆ ಇಚ್ಛೆಯನ್ನು ಮೂರನೇ ಋತು ಮುಗಿದ ಮೇಲೆ ಬರುವ ಮೇ ತಿಂಗಳ ಆರಂಭದಲ್ಲೇ ತಿಳಿಸಬೇಕು. ಹಾಗಾಗಿ ಮೂರು ಋತು ಎನ್ನುವುದು ನ್ಯಾಯವಾದ ಅಳತೆ. ಮಯಾಮಿ ಡಾಲ್ಫಿನ್ಸ್‌ನ ಡೆವಾಂಟೆ ಪಾರ್ಕರ್ ಐದನೇ ವರ್ಷ, 2019ರಲ್ಲಿ 1,202 ಗಜ ಗಳಿಸಿದ್ದನ್ನು ಕೆಲವರು ಉದಾಹರಿಸುತ್ತಾರೆ. ಆದರೆ ಅವನು ಮತ್ತೆಂದೂ 1,000 ಮುಟ್ಟಲಿಲ್ಲ. ಅಷ್ಟು ತಡವಾಗಿ ಬಂದ ಬೆಳೆಯನ್ನು ನಂಬಿ ಯಾರೂ ಲೆಕ್ಕ ಹಾಕಬಾರದು. ವಯಸ್ಸನ್ನೂ ಸೇರಿಸಿ: 21ಕ್ಕೆ ಬಂದು ಎಡವುತ್ತಿರುವವನಿಗೂ 24ಕ್ಕೆ ಬಂದು ಎಡವುತ್ತಿರುವವನಿಗೂ ಒಂದೇ ತಾಳ್ಮೆ ಸಲ್ಲದು.

ಪತ್ರಿಕೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಎಳೆಯ ರಿಸೀವರ್ ಬಗ್ಗೆ ಬರೆಯುವಾಗ ಗಳಿಸಿದ ಗಜದ ಪಕ್ಕದಲ್ಲಿ ಓಡಿದ ರೂಟ್‌ಗಳ ಸಂಖ್ಯೆಯನ್ನೂ ಹಾಕಿ. 400 ಗಜಕ್ಕೆ 200 ರೂಟ್ ಓಡಿದವನ ಗಳಿಕೆ ರೂಟ್‌ಗೆ 2 ಗಜ. ಅದು ಉತ್ತಮ ರಿಸೀವರ್‌ನ ಮಟ್ಟ, ಅವನಿಗೆ ಅವಕಾಶವಷ್ಟೇ ಸಾಲದು. ಅದೇ 400ಕ್ಕೆ 380 ರೂಟ್ ಓಡಿದವನದು ಒಂದು ಗಜಕ್ಕಿಂತ ತುಸು ಹೆಚ್ಚು. ಅಲ್ಲಿ ಆತಂಕಕ್ಕೆ ಕಾರಣವಿದೆ. ಜೊತೆಗೆ ಅವನು ಹೊರಗೆ ನಿಂತನೋ ಸ್ಲಾಟ್‌ನಲ್ಲೋ, ಚೆಂಡು ಎಸೆದ ಕ್ವಾರ್ಟರ್‌ಬ್ಯಾಕ್‌ಗಳು ಎಷ್ಟು ಮಂದಿ, ಗಾಯದಿಂದ ತಪ್ಪಿದ ಪಂದ್ಯಗಳೆಷ್ಟು ಎಂಬ ಒಂದು ಸಾಲು ಇರಲಿ. ಇಷ್ಟಕ್ಕೆ ಎರಡು ಅಂಗುಲ ಜಾಗವೂ ಬೇಡ.

ಇಂತಿ,
ನಿಮ್ಮ ಓದುಗ