ಪೋಷಕರಿಗೆ ಪತ್ರ: ವಿಜ್ಞಾನಿಗಳು ನಡೆದ ದಾರಿ, ನಮ್ಮ ಮಕ್ಕಳ ಮುಂದಿನ ದಾರಿ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ಪೋಷಕರ ಸಭೆಯಲ್ಲಿ ಮಾತೆಲ್ಲ ಒಂದೇ ವಿಷಯದ ಸುತ್ತ ನಡೆಯಿತು. ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೇನು? ಸೈನ್ಸ್ ಕೊಡಿಸಬೇಕೋ ಬೇಡವೋ? ಪಿಸಿಎಂಬಿ ತೆಗೆದುಕೊಂಡರೆ ಡಾಕ್ಟರು, ಇಂಜಿನಿಯರು ಬಿಟ್ಟು ಬೇರೆ ಏನಾದರೂ ಆಗಬಹುದೋ? ಮಾರ್ಕ್ಸ್ ಕಡಿಮೆ ಬಂದರೆ ಆಸೆಯನ್ನೇ ಬಿಟ್ಟುಬಿಡಬೇಕೋ? ಅವತ್ತು ಹೊತ್ತಾಗಿತ್ತು, ಹೊರಗೆ ಬಸ್ಸಿಗೆ ಕಾಯುವವರಿದ್ದರು, ನಾನೂ ಎರಡೆರಡು ಮಾತಿನಲ್ಲಿ ಉತ್ತರ ಮುಗಿಸಿದೆ. ಸಮಾಧಾನವಾಗಿ ಕೂತು ಹೇಳಬೇಕಾದ ಮಾತುಗಳಿವು. ಅದಕ್ಕೇ ಈ ಪತ್ರ. ಜೊತೆಗೆ ಈ ವರ್ಷ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ನಾವು ಶುರು ಮಾಡಿರುವ ಒಂದು ಕೆಲಸದ ಬಗ್ಗೆಯೂ ನಿಮಗೆ ತಿಳಿಸಬೇಕಿದೆ, ಅದಕ್ಕೆ ನಿಮ್ಮ ಸಹಾಯವನ್ನೂ ಕೇಳಬೇಕಿದೆ.

ಪ್ರತಿ ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಒಬ್ಬ ವಿಜ್ಞಾನಿಯ ಬದುಕನ್ನು ಮಕ್ಕಳ ಜೊತೆ ಓದುತ್ತಿದ್ದೇವೆ. ಪಾಠದ ಪಕ್ಕದಲ್ಲಿ ಒಂದು ಚೌಕ, ಅದರೊಳಗೆ ಫೋಟೊ, ಹುಟ್ಟಿದ ಇಸವಿ, ಕಂಡುಹಿಡಿದದ್ದು, ಸಿಕ್ಕ ಪ್ರಶಸ್ತಿ. ವಿಜ್ಞಾನಿ ಅಂದರೆ ಇಷ್ಟೇ ಎಂದು ಮಕ್ಕಳು ತಿಳಿದಿದ್ದಾರೆ, ಪರೀಕ್ಷೆಗೆ ಉರು ಹೊಡೆಯುತ್ತಾರೆ. ಹುಟ್ಟಿದ ಇಸವಿಗೂ ಪ್ರಶಸ್ತಿಯ ಇಸವಿಗೂ ನಡುವೆ ಮೂವತ್ತು ನಲವತ್ತು ವರ್ಷ ಇರುತ್ತದಲ್ಲ, ಆ ವರ್ಷಗಳಲ್ಲಿ ಏನಾಯಿತು ಎಂಬುದೇ ನಮ್ಮ ಮಕ್ಕಳಿಗೆ ಬೇಕಾದ ಪಾಠ.

ಮೊದಲು ಓದಿದ್ದು ಕಮಲಾ ಸೊಹೋನಿ ಅವರ ಕಥೆ. ಮದುವೆಗೆ ಮುಂಚೆ ಕಮಲಾ ಭಾಗವತ್. ತಂದೆ, ಚಿಕ್ಕಪ್ಪ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಸಾಯನಶಾಸ್ತ್ರ ಓದಿದವರು. ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ 1933ರಲ್ಲಿ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ಅರ್ಜಿ ವಾಪಸಾಯಿತು. ವಾಪಸು ಮಾಡಿದವರು ಆಗಿನ ನಿರ್ದೇಶಕರು, ನೊಬೆಲ್ ಪಡೆದ ಸಿ.ವಿ. ರಾಮನ್. ಕಮಲಾ ಬೆಂಗಳೂರಿಗೇ ಬಂದು, ಕಾರಣ ಕೊಡಿ ಎಂದು ಹಟ ಹಿಡಿದು ಕೂತರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿ ಎಂದು ಲೆಕ್ಕಕ್ಕಿಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು.

ಇದನ್ನು ಓದಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ರಾಮನ್ ಅವರ ಚಾರ್ಟ್ ನಮ್ಮ ಲ್ಯಾಬಲ್ಲೇ ಇದೆಯಲ್ಲ, ಅವರೇನಾ?" ಅಂದಳು. ಹೌದು, ಅವರೇ. ರಾಮನ್ ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ನೌಕರಿ ಮಾಡುತ್ತ, ಬೆಳಿಗ್ಗೆ ಸಂಜೆ ಬಿಡುವಿನಲ್ಲಿ ಕಲ್ಕತ್ತಾದ ಪ್ರಯೋಗಾಲಯದಲ್ಲಿ ದುಡಿದು, 1917ರಲ್ಲಿ ಹೆಚ್ಚು ಸಂಬಳದ ಆ ನೌಕರಿ ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಬಂದವರು ಅವರು. ಫೆಬ್ರವರಿ 28ನ್ನು ವಿಜ್ಞಾನ ದಿನವೆಂದು ನಾವು ಆಚರಿಸುವುದು ಅವರ ಕೆಲಸದ ನೆನಪಿಗೆ. ಆದರೂ ಕಮಲಾ ವಿಷಯದಲ್ಲಿ ಅವರು ನಡೆದುಕೊಂಡಿದ್ದು ತಪ್ಪು. ಚಾರ್ಟ್ ಗೋಡೆಯ ಮೇಲೇ ಇರುತ್ತದೆ, ತಪ್ಪನ್ನೂ ತಪ್ಪು ಎಂದೇ ಮಕ್ಕಳಿಗೆ ಹೇಳುತ್ತೇವೆ.

ಮಾರ್ಗದರ್ಶಕರಾದ ಶ್ರೀನಿವಾಸಯ್ಯನವರ ಕೈಕೆಳಗೆ ಕಮಲಾ ಹಾಲು, ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. ಅವರ ದುಡಿಮೆ ನೋಡಿದ ಮೇಲೆ ರಾಮನ್ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡಲು ಒಪ್ಪಿದರು. ಅಲ್ಲಿಂದ ಕೇಂಬ್ರಿಡ್ಜ್. ಅಲ್ಲಿನ ಪ್ರಯೋಗಾಲಯದಲ್ಲಿ ಜಾಗ ಖಾಲಿ ಇರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ, ಹಗಲು ನನ್ನ ಮೇಜು ನೀವು ಬಳಸಿ, ನಾನು ರಾತ್ರಿ ಕೆಲಸ ಮಾಡಿಕೊಳ್ಳುತ್ತೇನೆ ಎಂದು ಜಾಗ ಬಿಟ್ಟುಕೊಟ್ಟರು. ಸಸ್ಯದ ಜೀವಕೋಶ ಉಸಿರಾಡಲು ಬೇಕಾದ ಸೈಟೋಕ್ರೋಮ್ ಸಿ ಎಂಬ ವಸ್ತುವನ್ನು ಕಮಲಾ ಗುರುತಿಸಿದ್ದು ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ. 1939ರಲ್ಲಿ ಪಿಎಚ್.ಡಿ. ಪಡೆದರು. ಪ್ರಬಂಧ ಬರೀ ನಲವತ್ತು ಪುಟ. ಆ ಮೇಲೆ ಊರಿಗೆ ಮರಳಿ ಬಡವರ ಊಟದಲ್ಲಿರುವ ಕಾಳು, ಈಚಲು ತಾಳೆ ಮರದ ನೀರಾ ಇವುಗಳಲ್ಲಿ ಎಷ್ಟು ಪೌಷ್ಟಿಕಾಂಶವಿದೆ ಎಂದು ವರ್ಷಗಟ್ಟಲೆ ಅಳೆದರು. ಅವರನ್ನು ಉಳಿಸಿದ್ದು ಅವರ ಛಲ ನಿಜ. ಮಗಳು ಇನ್‌ಸ್ಟಿಟ್ಯೂಟ್ ಸೇರಬಹುದು ಎಂದು ನಂಬಿದ ಮನೆ ಮತ್ತು ಮೇಜು ಬಿಟ್ಟುಕೊಟ್ಟ ಒಬ್ಬ ಸಹೋದ್ಯೋಗಿ, ಇವೆರಡೂ ಅಷ್ಟೇ ನಿಜ.

ಇನ್ನೊಂದು ಕಥೆ ನಮ್ಮ ಊರಿಗೆ ತೀರಾ ಹತ್ತಿರದ್ದು. ನಮ್ಮ ಮಕ್ಕಳಲ್ಲಿ ಬಹಳ ಜನರ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆ ಇದೆ. ಬೆಳಿಗ್ಗೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆಮೇಲೆ ಶಾಲೆಗೆ ಬರುವವರಿದ್ದಾರೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಇದ್ದಕ್ಕಿದ್ದಂತೆ ಸೊಪ್ಪು ಬಿಟ್ಟು, ಸತ್ತು, ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗುವುದನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣಕಟ್ಟು ರೋಗ. ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಬಂದರೆ ಒಂದು ಬೆಳೆಯ ದುಡ್ಡೇ ಹೋಯಿತು. ಈ ರೋಗ ಹೇಗೆ ಬರುತ್ತದೆ ಎಂದು ಕಂಡುಹಿಡಿದವರು ಇಟಲಿಯ ಅಗೊಸ್ಟಿನೊ ಬಾಸ್ಸಿ. ಓದಿದ್ದು ಕಾನೂನು, ಮಾಡುತ್ತಿದ್ದದ್ದು ಸರ್ಕಾರಿ ಕೆಲಸ. ಕಣ್ಣು ಮಂದವಾಯಿತು ಎಂದು ಹಳ್ಳಿಯ ಜಮೀನಿಗೆ ಮರಳಿದವರು. 1807ರ ಸುಮಾರಿಗೆ ಈ ರೋಗದ ಹಿಂದೆ ಬಿದ್ದರು. ಗಾಳಿ ಕೆಟ್ಟದ್ದು, ಸೊಪ್ಪು ಕೆಟ್ಟದ್ದು ಎಂದು ಒಂದೊಂದನ್ನೇ ಪರೀಕ್ಷಿಸಿ ಕೈಬಿಡುತ್ತ, ಕಾಲು ಶತಮಾನಕ್ಕೂ ಹೆಚ್ಚು ಕಾಲ ಅದನ್ನೇ ಮಾಡಿದರು. 1835ರಲ್ಲಿ ಉತ್ತರ ಪ್ರಕಟಿಸಿದರು: ಸತ್ತ ಹುಳುವಿನ ಮೇಲಿನ ಬಿಳಿ ಪುಡಿಯೇ ರೋಗ, ಅದೊಂದು ಶಿಲೀಂಧ್ರ, ಮುಟ್ಟಿದ ಕೈಯಿಂದ, ತಟ್ಟೆಯಿಂದ ಇನ್ನೊಂದು ಹುಳುವಿಗೆ ದಾಟುತ್ತದೆ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದು ಎಂದು ಪ್ರಯೋಗದಿಂದ ತೋರಿಸಿದ ಮೊದಲ ಕೆಲಸಗಳಲ್ಲಿ ಇದೂ ಒಂದು. ಆ ಶಿಲೀಂಧ್ರಕ್ಕೆ ಅವರದೇ ಹೆಸರಿದೆ, ಬ್ಯೂವೇರಿಯಾ ಬಾಸ್ಸಿಯಾನಾ. ನಮಗೆ ಶತ್ರುವಾದ ಇದನ್ನೇ ಕಾಫಿ ತೋಟದವರು ಕಾಯಿಕೊರಕದ ಹುಳುವನ್ನು ಕೊಲ್ಲಲು ಸಿಂಪಡಿಸುತ್ತಾರೆ.

ಅವರಾದ ಮೇಲೆ ಲೂಯಿ ಪಾಶ್ಚರ್. 1865ರಲ್ಲಿ ಗಂಟುರೋಗದಿಂದ ಫ್ರಾನ್ಸಿನ ರೇಷ್ಮೆ ನೆಲಕಚ್ಚಿದಾಗ, ರೇಷ್ಮೆ ಹುಳುವನ್ನು ಕೈಯಲ್ಲಿ ಹಿಡಿದೂ ಗೊತ್ತಿಲ್ಲದ ಈ ರಸಾಯನಶಾಸ್ತ್ರಜ್ಞನನ್ನು ಗುರುಗಳೊಬ್ಬರು ಒತ್ತಾಯ ಮಾಡಿ ಆ ಕೆಲಸಕ್ಕೆ ಹಚ್ಚಿದರು. ಅದೇ ವರ್ಷ ತಂದೆ ತೀರಿಕೊಂಡರು, ಪುಟ್ಟ ಮಗಳು ಕಮೀಲ್ ತೀರಿಕೊಂಡಳು. ಮರುವರ್ಷ ಇನ್ನೊಬ್ಬ ಮಗಳು ಸೆಸೀಲ್. 1868ರಲ್ಲಿ ಅವರಿಗೇ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಇಷ್ಟರ ನಡುವೆ ಅವರು ಬಿಟ್ಟುಹೋದ ವಿಧಾನ ನೋಡಿ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ನೀವು ರೋಗರಹಿತ ಮೊಟ್ಟೆ ಎಂದು ದುಡ್ಡು ಕೊಟ್ಟು ತರುತ್ತೀರಲ್ಲ, ಅದರ ಹಿಂದೆ ಇವತ್ತಿಗೂ ಇರುವುದು ಇದೇ ತಾಯಿ ಚಿಟ್ಟೆ ಪರೀಕ್ಷೆ. ಇದನ್ನು ಹೇಳಿದ ಮರು ಸೋಮವಾರ ಎಂಟನೇ ತರಗತಿಯ ಹುಡುಗನೊಬ್ಬ ಗಾಜಿನ ಸಣ್ಣ ಶೀಸೆಯಲ್ಲಿ ಬೆಳ್ಳಗಾದ ಹುಳುವೊಂದನ್ನು ತಂದಿದ್ದ. ಮೇಷ್ಟ್ರು ಮುಚ್ಚಳ ತೆಗೆಯದೆ ಹೊರಗಿಂದಲೇ ತೋರಿಸಿ, ಬಾಸ್ಸಿ ಹೇಳಿದ್ದನ್ನೇ ಹೇಳಿ, ಅದನ್ನು ದೂರದಲ್ಲಿ ಸುಡಿಸಿದರು. ಆ ಹುಡುಗನಿಗೆ ವಿಜ್ಞಾನದಲ್ಲಿ ಬರುವ ಮಾರ್ಕ್ಸ್ ಹೆಚ್ಚೇನಿಲ್ಲ. ಆದರೆ ತಂದಿದ್ದು ಅವನೇ. ಪುಡಿ ಯಾವ ದಿನ ಮೂಡಿತು, ಪಕ್ಕದ ತಟ್ಟೆಗೆ ಯಾವಾಗ ಹರಡಿತು ಎಂದು ನೆನಪಿಟ್ಟುಕೊಂಡು ಹೇಳಿದವನೂ ಅವನೇ.

ಅಣ್ಣಾ ಮಣಿ ಅವರ ಕಥೆ ಮುಂದಿನ ವಾರದ್ದು. ಕೇರಳದ ಪೀರ್ಮೇಡಿನವರು, 1918ರಲ್ಲಿ ಹುಟ್ಟಿದವರು. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಿಸಲು ಹೋದರೆ, ಓಲೆ ಬೇಡ, ವಿಶ್ವಕೋಶ ಕೊಡಿಸಿ ಅಂದ ಹುಡುಗಿ. ಅದೇ ಹುಡುಗಿ 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರದ ಮೇಲೆ ಬೆಳಕು ಬಿಟ್ಟು ಸಂಶೋಧನೆ ಮಾಡಿದರು. ಒಂದು ಚಿತ್ರ ಮೂಡಲು ಹದಿನೈದು ಇಪ್ಪತ್ತು ಗಂಟೆ ಕಾಯಬೇಕಿತ್ತು, ರಾತ್ರಿ ಎಷ್ಟೋ ಸಲ ಅಲ್ಲೇ ಇರುತ್ತಿದ್ದರು. ಐದು ಪ್ರಬಂಧ ಪ್ರಕಟಿಸಿ 1945ರಲ್ಲಿ ಪಿಎಚ್.ಡಿ.ಗೆ ಸಲ್ಲಿಸಿದರೆ, ಎಂ.ಎಸ್ಸಿ. ಇಲ್ಲ ಎಂದು ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಭೌತಶಾಸ್ತ್ರ ಓದಲು ಲಂಡನ್ನಿಗೆ ಹೋದರೆ ಅಲ್ಲಿ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಸಿಕ್ಕಿದ್ದನ್ನೇ ಹಿಡಿದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಅಲ್ಲಿಯತನಕ ಹೊರದೇಶದಿಂದ ತರುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದರು. ಸುಮಾರು ನೂರು ಉಪಕರಣಗಳ ನಕ್ಷೆ ಅವರ ಕಾಲದಲ್ಲಿ ಸಿದ್ಧವಾಯಿತು. ದೇಶದ ಯಾವ ಮೂಲೆಯಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬ ಅವರ ಪುಸ್ತಕ 1980ರಲ್ಲಿ ಬಂತು. ಸೋಲಾರ್ ಬಗ್ಗೆ ಯೋಚಿಸುವವರಿಗೆಲ್ಲ ಅದು ಆಧಾರವಾಯಿತು. ಆ ಪಿಎಚ್.ಡಿ. ಅವರಿಗೆ ಕೊನೆಗೂ ಸಿಗಲಿಲ್ಲ.

ಉಡುಪಿಯ ಅದಮಾರಿನ ಯು.ಆರ್. ರಾವ್ ಅವರನ್ನೂ ಓದುತ್ತೇವೆ. ಉಡುಪಿ, ಬಳ್ಳಾರಿ, ಅನಂತಪುರ, ಬನಾರಸ್, ಅಹಮದಾಬಾದ್ ಎಂದು ಎಲ್ಲಿ ಅವಕಾಶವೋ ಅಲ್ಲಿಗೆ ಹೋಗಿ ಓದಿದವರು. ಕಾಸ್ಮಿಕ್ ಕಿರಣಗಳ ಸಂಶೋಧಕರಾಗಿದ್ದವರು ಪೀಣ್ಯದ ಶೆಡ್ಡುಗಳಲ್ಲಿ ಯುವಕರ ತಂಡ ಕಟ್ಟಿಕೊಂಡು 360 ಕಿಲೋ ತೂಕದ ಆರ್ಯಭಟ ಉಪಗ್ರಹ ಮಾಡಿದರು. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ನೀವೆಲ್ಲ ನೋಡಿರುವುದು ಅದನ್ನೇ. 1975ರ ಏಪ್ರಿಲ್ 19ರಂದು ಹಾರಿದ ಉಪಗ್ರಹದ ಪ್ರಯೋಗಗಳು ವಿದ್ಯುತ್ ತೊಂದರೆಯಿಂದ ಕೆಲವೇ ದಿನಕ್ಕೆ ನಿಂತುಹೋದವು. ತಂಡ ನಿಲ್ಲಲಿಲ್ಲ. 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರ ಹಾರಿತು.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ಹತ್ತನೇ ತರಗತಿಯ ಅಂಕ ನೋಡಿ ಮಗು ವಿಜ್ಞಾನಕ್ಕೆ ಲಾಯಕ್ಕೋ ಅಲ್ಲವೋ ಎಂದು ತೀರ್ಮಾನಿಸಬೇಡಿ. ಹಾಗೆಂದು ಅಂಕ ಬೇಡ ಎಂದು ನಾನು ಹೇಳುವುದಿಲ್ಲ, ಒಳ್ಳೆಯ ಕಾಲೇಜಿನ ಸೀಟಿಗೆ ಅದು ಬೇಕೇ ಬೇಕು, ಅದಕ್ಕಾಗಿ ನಮ್ಮ ಶಿಕ್ಷಕರು ದುಡಿಯುತ್ತಿದ್ದಾರೆ. ಆದರೆ ಮಗು ಮನೆಯಲ್ಲಿ ಏನನ್ನು ಬಿಚ್ಚಿ ನೋಡುತ್ತದೆ, ಯಾವುದನ್ನು ಪದೇ ಪದೇ ಕೇಳುತ್ತದೆ ಎಂಬುದನ್ನೂ ಗಮನಿಸಿ, ನಮಗೂ ತಿಳಿಸಿ.

ಸೈನ್ಸ್ ಓದಿದವರು ಡಾಕ್ಟರು, ಇಂಜಿನಿಯರೇ ಆಗಬೇಕೆಂದಿಲ್ಲ. ಕಮಲಾ, ಅಣ್ಣಾ ಮಣಿ ದುಡಿದ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿಯುಸಿ ಆದವರಿಗೆ ನಾಲ್ಕು ವರ್ಷದ ಪದವಿ ಇದೆ. ಹತ್ತಿರದ ಸರ್ಕಾರಿ ಕಾಲೇಜಿನ ಬಿ.ಎಸ್ಸಿ.ಯಿಂದಲೂ ಸಂಶೋಧನೆಗೆ ಹೋಗಬಹುದು. ಡಿಪ್ಲೊಮಾ ಮಾಡಿದವರು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಒಂದು ದಾರಿ ಮುಚ್ಚಿದರೆ ಬದುಕೇ ಮುಗಿಯಿತು ಎಂದು ಮಗುವಿನ ಮುಂದೆ ದಯವಿಟ್ಟು ಆಡಬೇಡಿ.

"ಎಷ್ಟು ವರ್ಷ ಅಂತ ಓದಿಸೋದು, ದುಡಿಯೋದು ಯಾವಾಗ?" ಎಂದು ಒಬ್ಬ ತಂದೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಎಂ.ಎಸ್ಸಿ. ಆದ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಪಡೆದು ಪಿಎಚ್.ಡಿ. ಮಾಡುವವರಿಗೆ ಸರ್ಕಾರವೇ ಹಣ ಕೊಡುತ್ತದೆ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಆ ಪರೀಕ್ಷೆ ಕಷ್ಟದ್ದು, ಆ ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ, ಓದು ಮುಗಿದ ತಕ್ಷಣ ಕಾಯಂ ಕೆಲಸ ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಎಲ್ಲವನ್ನೂ ತಿಳಿದೇ ಮನೆಯಲ್ಲಿ ಕೂತು ಮಾತಾಡಿ.

ಹೆಣ್ಣುಮಕ್ಕಳ ತಂದೆತಾಯಂದಿರಲ್ಲಿ ಒಂದು ಮನವಿ. ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇಲ್ಲ, ದೂರ ಕಳಿಸಲು ಧೈರ್ಯ ಬರುವುದಿಲ್ಲ ಎಂಬ ಕಾರಣಕ್ಕೇ ಇಷ್ಟವಿದ್ದ ಹುಡುಗಿಯರು ಬೇರೆ ಕೋರ್ಸ್ ಸೇರುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಬಹಳ ಸಂಕಟವಾಗುತ್ತದೆ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್ ಇವೆ. ಅರ್ಜಿ ತುಂಬುವುದಕ್ಕೆ, ಆದಾಯ ಮತ್ತು ಜಾತಿ ಪ್ರಮಾಣಪತ್ರ ಹೊಂದಿಸುವುದಕ್ಕೆ ಶಾಲೆ ನಿಮ್ಮ ಜೊತೆ ನಿಲ್ಲುತ್ತದೆ. ಬೇಕಿದ್ದರೆ ಹಾಸ್ಟೆಲ್ ನೋಡಲು ನಮ್ಮ ಶಿಕ್ಷಕಿಯೊಬ್ಬರು ನಿಮ್ಮ ಜೊತೆ ಬರುತ್ತಾರೆ. ತೀರ್ಮಾನಕ್ಕೆ ಮುಂಚೆ ಒಂದು ಸಲ ನನ್ನ ಹತ್ತಿರ ಬನ್ನಿ.

ಇನ್ನು ನಾನು ಕೇಳುವ ಸಹಾಯ. ಶನಿವಾರದ ಆ ಪೀರಿಯಡ್‌ಗೆ ನೀವೂ ಬಂದು ನಿಮ್ಮ ಕೆಲಸದ ಬಗ್ಗೆ ಮಾತಾಡಬೇಕು. ಹುಳು ಮೇಯಿಸುವವರು, ನೂಲು ತೆಗೆಯುವವರು, ಬೋರ್‌ವೆಲ್ ಮೆಕ್ಯಾನಿಕ್, ಲೈನ್‌ಮನ್, ಆಶಾ ಕಾರ್ಯಕರ್ತೆಯರು, ಯಾರಾದರೂ ಸರಿ. ಭಾಷಣ ಬೇಡ. ನಿಮ್ಮ ಕೆಲಸದಲ್ಲಿ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ ಯಾವುದು ಎಂದು ಹೇಳಿದರೆ ಸಾಕು. ಒಂದೇ ಮೊಟ್ಟೆ, ಒಂದೇ ಸೊಪ್ಪು ಆದರೂ ಪಕ್ಕದ ಮನೆಯ ಗೂಡು ಯಾಕೆ ಗಟ್ಟಿ, ನಮ್ಮದು ಯಾಕೆ ಸಡಿಲ ಎಂಬಂಥದ್ದು. ಮಕ್ಕಳು ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ವಿಜ್ಞಾನ ಶಿಕ್ಷಕರ ಜೊತೆ ಹುಡುಕಲು ಶುರು ಮಾಡುತ್ತಾರೆ.

ಬರುವ ತಿಂಗಳ ಮೂರನೇ ಶನಿವಾರ ಬೆಳಿಗ್ಗೆ ತರಗತಿ ಮುಗಿದ ಮೇಲೆ ಹತ್ತನೇ ತರಗತಿಯ ಪೋಷಕರಿಗೆ ಮಾತ್ರ ಒಂದು ಸಭೆ ಇಟ್ಟಿದ್ದೇವೆ. ಪಿಯು ಕಾಲೇಜಿನ ಉಪನ್ಯಾಸಕರು ಬರುತ್ತಾರೆ, ಯಾವ ಕಾಲೇಜಿನಲ್ಲಿ ಯಾವ ವಿಷಯಗಳಿವೆ, ಶುಲ್ಕ ಎಷ್ಟು, ಯಾವ ವಿದ್ಯಾರ್ಥಿವೇತನಕ್ಕೆ ಯಾವಾಗ ಅರ್ಜಿ ಎಂಬುದನ್ನು ಹೇಳುತ್ತಾರೆ. ಮಗುವನ್ನೂ ಕರೆದುಕೊಂಡು ಬನ್ನಿ, ಅದರ ಮುಂದೆಯೇ ಮಾತಾಡೋಣ. ಸಭೆಗೆ ಬರುವವರು ಹಾಗೂ ಶನಿವಾರದ ಪೀರಿಯಡ್‌ನಲ್ಲಿ ಮಾತಾಡಲು ಒಪ್ಪುವವರು ಕೆಳಗಿನ ಚೀಟಿಯಲ್ಲಿ ಹೆಸರು ಬರೆದು ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಬರೆಯಲು ಆಗದವರು ಮಗುವಿನ ಬಾಯಲ್ಲೇ ಹೇಳಿ ಕಳಿಸಿದರೂ ಆಯಿತು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ