ಫೆರೆಟ್ ಹೊಟ್ಟೆಯ ಗಡ್ಡೆ ಎಲ್ಲವೂ ಕ್ಯಾನ್ಸರ್ ಅಲ್ಲ

ಸಂಪಾದಕರೇ,

ಸಾಕಿದ ಫೆರೆಟ್‌ನ (ಮುಂಗುಸಿಯಂತೆ ಕಾಣುವ ಚಿಕ್ಕ ಸಾಕುಪ್ರಾಣಿ) ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕ ತಕ್ಷಣ ಕ್ಯಾನ್ಸರ್ ಅಂತ ತೀರ್ಮಾನ ಮಾಡಿ, ಒಂದು ತುಂಡು ತೆಗೆದು ನೋಡದೆ ನೇರ ದಯಾಮರಣದ ಮಾತಿಗೆ ಬಂದುಬಿಡುತ್ತಾರೆ. ಫೆರೆಟ್ ಸಾಕುವವನಾಗಿ ನನಗೆ ಇದು ತುಂಬಾ ಸಂಕಟದ ವಿಷಯ. ದಯವಿಟ್ಟು ಮೊದಲು ಬಯಾಪ್ಸಿ, ಅಂದರೆ ಗಡ್ಡೆಯ ತುಂಡು ತೆಗೆದು ಪರೀಕ್ಷೆ, ಮಾಡಿಸಿ.

ಯಾಕೆ ಅಂದರೆ ಫೆರೆಟ್‌ಗಳಿಗೆ ಬರುವ ಒಂದು ಬಗೆಯ ಕೊರೊನಾ ವೈರಸ್ ಕ್ಯಾನ್ಸರ್‌ನಂತೆಯೇ ಕಾಣುತ್ತದೆ. ಇದು ಹೆಚ್ಚಾಗಿ ಎಳೆ ಪ್ರಾಯದ ಫೆರೆಟ್‌ಗಳನ್ನು ಹಿಡಿಯುತ್ತದೆ. ಮೈ ಇಳಿಯುತ್ತದೆ, ಭೇದಿ ಆಗುತ್ತದೆ, ಹಿಂಗಾಲಲ್ಲಿ ಶಕ್ತಿ ಇರುವುದಿಲ್ಲ. ಹೊಟ್ಟೆ ಮುಟ್ಟಿದರೆ ಒಳಗೆ ಗಟ್ಟಿ ಗಂಟು, ಅದು ಕರುಳಿನ ಪಕ್ಕದ ಲಿಂಫ್ ಗಂಟು ಊದಿಕೊಂಡದ್ದು. ಲಿಂಫೋಮಾ ಅನ್ನುವ ಬಿಳಿ ರಕ್ತಕಣಗಳ ಕ್ಯಾನ್ಸರ್‌ನಲ್ಲೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಸ್ಕ್ಯಾನ್‌ನಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಈ ವೈರಸ್ ಕಾಯಿಲೆಯೂ ಸಣ್ಣದೇನಲ್ಲ, ಜೀವ ತೆಗೆಯಬಹುದು, ಆದರೆ ಅದಕ್ಕೆ ಬೇಕಾದ ಚಿಕಿತ್ಸೆ ಬೇರೆ, ಕೀಮೋ ಕೊಟ್ಟರೆ ಪ್ರಯೋಜನ ಇಲ್ಲ.

ಇನ್ನು ವೈರಸ್‌ನಿಂದಲೇ ಕ್ಯಾನ್ಸರ್ ಬರುತ್ತಾ ಅನ್ನೋ ಪ್ರಶ್ನೆ. ಒಂದೇ ಮನೆಯಲ್ಲಿದ್ದ ಫೆರೆಟ್‌ಗಳಿಗೆ ಒಂದಾದ ಮೇಲೊಂದರಂತೆ ಲಿಂಫೋಮಾ ಬಂದದ್ದನ್ನು ಪಶುವೈದ್ಯರು ಹಿಂದೆಯೇ ದಾಖಲಿಸಿದ್ದಾರೆ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರೋಗ ಬಂದ ಫೆರೆಟ್‌ನ ಜೀವಕೋಶಗಳನ್ನು ಚೆನ್ನಾಗಿದ್ದ ಫೆರೆಟ್‌ಗಳಿಗೆ ಚುಚ್ಚಿದಾಗ ಅವಕ್ಕೂ ಲಿಂಫೋಮಾ ಬಂತು. ಕೋಶಗಳನ್ನೆಲ್ಲ ತೆಗೆದು ಬರೀ ದ್ರವ ಚುಚ್ಚಿದಾಗಲೂ ಬಂತು. ಕೋಶವೇ ಇಲ್ಲದಿದ್ದರೂ ರೋಗ ದಾಟಿತು ಅಂದರೆ ಅದರೊಳಗೆ ವೈರಸ್ ಇದ್ದಿರಬೇಕು, ಅಲ್ವಾ? ರೆಟ್ರೊವೈರಸ್ (ತನ್ನ ವಂಶವಾಹಿಯನ್ನು ಜೀವಕೋಶದ ಡಿಎನ್‌ಎಗೆ ಸೇರಿಸಿಬಿಡುವ ಬಗೆಯ ವೈರಸ್) ಇರಬಹುದು ಅನ್ನುವ ಅನುಮಾನ ಹುಟ್ಟಿದ್ದು ಹೀಗೆ. ಆದರೆ ಇಂಥದ್ದೇ ವೈರಸ್ ಅಂತ ಹಿಡಿದು ತೋರಿಸಲು ಆಗಿಲ್ಲ. ಬೆಕ್ಕಿಗೆ ಕ್ಯಾನ್ಸರ್ ತರುವ ರೆಟ್ರೊವೈರಸ್ ಆದ ಬೆಕ್ಕಿನ ಲ್ಯುಕೇಮಿಯಾ ವೈರಸ್ 1964ರಲ್ಲೇ ಸಿಕ್ಕಿತು, ಅದಕ್ಕೆ ಪರೀಕ್ಷೆ ಇದೆ, ಲಸಿಕೆಯೂ ಇದೆ. ಫೆರೆಟ್ ಲಿಂಫೋಮಾಗೆ ಅಂಥದ್ದೇನೂ ಇಲ್ಲ. ಮತ್ತೆ, ಸೂಜಿಯಿಂದ ಚುಚ್ಚಿ ದಾಟಿಸಿದ ಮಾತ್ರಕ್ಕೆ ಜೊತೆಯಲ್ಲಿ ಮಲಗಿದರೂ ಅಂಟುತ್ತದೆ ಅಂತ ಹೇಳಲು ಬರುವುದಿಲ್ಲ. ಒಂದಕ್ಕೆ ಲಿಂಫೋಮಾ ಬಂತು ಅಂತ ಜೊತೆಗಿರುವ ಫೆರೆಟ್‌ಗಳನ್ನು ದೂರ ಮಾಡುವುದು, ಬೇರೆಯವರಿಗೆ ಕೊಟ್ಟುಬಿಡುವುದು, ಇವೆಲ್ಲ ಬೇಡ. ಅವುಗಳ ತೂಕ ನೋಡುತ್ತಿರಿ, ರಕ್ತ ಪರೀಕ್ಷೆ ಮಾಡಿಸುತ್ತಿರಿ. ಹೊಸ ಮರಿ ತರಲು ಮಾತ್ರ ಅವಸರ ಮಾಡಬೇಡಿ.

ಎಲ್ಲ ಗಡ್ಡೆಗೂ ವೈರಸ್ ಕಾರಣ ಅನ್ನುವುದೂ ತಪ್ಪು. ಫೆರೆಟ್‌ಗಳಲ್ಲಿ ಲಿಂಫೋಮಾಗಿಂತ ಜಾಸ್ತಿ ಕಾಣುವುದು ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯ ಗಡ್ಡೆ ಮತ್ತು ಮೇದೋಜೀರಕ ಗ್ರಂಥಿಯ ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಸುರಿಸುವ ಗಡ್ಡೆ. ಅಡ್ರಿನಲ್ ಕಾಯಿಲೆಗೆ ಸಂತಾನಹರಣ ಚಿಕಿತ್ಸೆ ಆದಮೇಲೆ ಏರುಪೇರಾಗುವ ಹಾರ್ಮೋನ್‌ಗೇ ನಂಟು. ಜಠರದಲ್ಲಿ ಬರುವ ಒಂದು ಬಗೆಯ ಲಿಂಫೋಮಾಗೆ ಹೆಲಿಕೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ ಸಂಬಂಧ ಇದೆ.

ವೈದ್ಯರಿಗೂ ಒಂದು ಮಾತು. ಫೆರೆಟ್ ಸುಸ್ತಾಗಿದೆ ಅಂತ ಬಯಾಪ್ಸಿಗೆ ಮೊದಲೇ ಸ್ಟಿರಾಯ್ಡ್ ಶುರು ಮಾಡಿದರೆ ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕರಗುತ್ತದೆ, ಆಮೇಲೆ ತುಂಡು ತೆಗೆದರೂ ಕಾಯಿಲೆ ಸರಿಯಾಗಿ ಗೊತ್ತಾಗದೇ ಹೋಗಬಹುದು, ಮುಂದೆ ಕೀಮೋ ಕೊಟ್ಟರೂ ಸರಿಯಾಗಿ ನಾಟದೇ ಇರಬಹುದು. ತೀರಾ ತುರ್ತು ಇಲ್ಲದಿದ್ದರೆ ಮೊದಲು ತುಂಡು ತೆಗೆಯಿರಿ. ಸಾಕಿದವರು ಕೂಡ ಮನೆಯಲ್ಲಿ ಹಿಂದೆ ಯಾವ ಫೆರೆಟ್‌ಗೆ ಏನು ಕಾಯಿಲೆ ಇತ್ತು, ಯಾವ ವಯಸ್ಸಿಗೆ ಬಂತು ಅನ್ನುವುದನ್ನು ಬರೆದು ವೈದ್ಯರ ಕೈಗೆ ಕೊಡಿ. ಮತ್ತೆ ತೆಗೆದ ತುಂಡನ್ನು ಕೊರೊನಾ ವೈರಸ್‌ಗೂ ಪರೀಕ್ಷಿಸಬೇಕು ಅಂತ ಲ್ಯಾಬ್‌ಗೆ ಹೋಗುವ ಚೀಟಿಯಲ್ಲೇ ಬರೆಸಿ.

– ಫೆರೆಟ್ ಸಾಕುವ ಒಬ್ಬ ಓದುಗ