ಶ್ರೇಣಿಯ ಪಕ್ಕದಲ್ಲಿ ಎರಡು ಸಾಲು ಬರೆಯಲಿ

ಮಾನ್ಯ ಸಂಪಾದಕರೇ,

ನನ್ನ ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾರೆ. ಎರಡನೇ ತರಗತಿಯ ಮಗಳ ಕೊಠಡಿಯಲ್ಲಿ ನಲಿ-ಕಲಿಯ (ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆಯ) ‘ಪ್ರಗತಿ ನೋಟ’ ಗೋಡೆಯ ಮೇಲೆಯೇ ಇದೆ; ಅವಳು ಯಾವ ಮೈಲಿಗಲ್ಲಿನ ಯಾವ ಮೆಟ್ಟಿಲಿನಲ್ಲಿದ್ದಾಳೆ, ಮುಂದೆ ಏನು ಕಲಿಯಬೇಕಿದೆ ಎಂಬುದು ಹೆಚ್ಚು ಓದಿರದ ನನ್ನ ಅತ್ತೆಯವರಿಗೂ ಅರ್ಥವಾಗುತ್ತದೆ. ಆರನೇ ತರಗತಿಯ ಮಗನ ಪ್ರಗತಿ ಪತ್ರದಲ್ಲಾದರೋ ಗಣಿತದ ಎದುರು ‘ಬಿ+’ ಎಂದೂ ಷರಾದಲ್ಲಿ ‘ಉತ್ತಮ’ ಎಂದೂ ಬರೆದು ಮುಗಿಸಲಾಗಿದೆ.

ಆ ‘ಉತ್ತಮ’ವನ್ನು ನಂಬಿ ನಾನು ಸುಮ್ಮನಿದ್ದೆ. ಒಂದು ಸಂಜೆ 408ನ್ನು 4ರಿಂದ ಭಾಗಿಸಲು ಹೇಳಿದಾಗ ಅವನು 12 ಎಂದು ಬರೆದ. ಬೇರೆ ಲೆಕ್ಕ ಕೊಟ್ಟರೂ ನಡುವಿನ ಸೊನ್ನೆಯನ್ನು ಬಿಟ್ಟೇ ಬಿಡುತ್ತಿದ್ದ. ಮರುದಿನ ಶಾಲೆಗೆ ಹೋಗಿ ವಿಚಾರಿಸಿದರೆ, “ಹೌದಮ್ಮ, ಸ್ಥಾನಬೆಲೆಯಲ್ಲೇ ಅವನಿಗೆ ಗೊಂದಲ” ಎಂದು ಶಿಕ್ಷಕಿ ಪುಸ್ತಕ ನೋಡದೆಯೇ ಹೇಳಿದರು. ಅವರಿಗೆ ಚೆನ್ನಾಗಿ ಗೊತ್ತಿದ್ದ ಈ ಸಂಗತಿಯನ್ನು ಬರೆಯಲು ಪತ್ರದಲ್ಲಿ ಜಾಗವೇ ಇರಲಿಲ್ಲ.

ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಅದರಂತೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳು ನಡೆಯುತ್ತವೆ. ಆದರೆ 50ರಿಂದ 69ರವರೆಗೆ ಎಷ್ಟೇ ಅಂಕ ಬಂದರೂ ‘ಬಿ+’ ಆದ್ದರಿಂದ, 51ರಿಂದ 68ಕ್ಕೆ ಏರಿದ ಮಗುವಿನ ಶ್ರಮ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಾಗೆಂದು ಹಳೆಯ ಕಾಲದ ರ‍್ಯಾಂಕು ಮತ್ತೆ ಬರಲಿ ಎಂದು ನಾನು ಕೇಳುತ್ತಿಲ್ಲ. ಅದು ಹಿಂದುಳಿದ ಮಗುವಿಗೆ ಕೊಟ್ಟ ನೋವನ್ನು ನಾನೂ ಉಂಡಿದ್ದೇನೆ.

ನಾಲ್ಕನೇ ತರಗತಿಯಿಂದ ಮೇಲಕ್ಕೂ, ಕನಿಷ್ಠ ಕನ್ನಡ ಮತ್ತು ಗಣಿತಕ್ಕಾದರೂ, ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಶ್ರೇಣಿಯ ಪಕ್ಕದಲ್ಲಿ ಎರಡು ಸಾಲು ಬರೆಯುವ ಪದ್ಧತಿಯನ್ನು ಶಾಲಾ ಶಿಕ್ಷಣ ಇಲಾಖೆ ಜಾರಿಗೆ ತರಬೇಕು. ಬಿಸಿಯೂಟದ ಲೆಕ್ಕದಿಂದ ಹಿಡಿದು ಆನ್‌ಲೈನ್ ದಾಖಲೆಗಳವರೆಗೆ ಈಗಾಗಲೇ ಹತ್ತಾರು ಕೆಲಸಗಳಲ್ಲಿ ಮುಳುಗಿರುವ ಶಿಕ್ಷಕರಿಗೆ ಇದು ಹೊಸ ಹೊರೆಯಾಗಬಾರದು. ಒಂದೇ ಮಾಹಿತಿಯನ್ನು ಎರಡೆರಡು ಕಡೆ ತುಂಬಿಸುವ ಕೆಲಸವನ್ನು ಕಡಿಮೆ ಮಾಡಿ, ಆ ಸಮಯವನ್ನು ಈ ಎರಡು ಸಾಲಿಗೆ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ತಾಯಿ, ಹಾಸನ ಜಿಲ್ಲೆ